ಚಾರ್ಜ್ ಅಂದ್ರೆ ಯಾವ ಚಾರ್ಜು?



ಈ ಪಾಠದಲ್ಲಿ ಒಂದೇ ಒಂದು ಮಾತು ಕಲಿಯೋಣ. ಅದು ಇಂಗ್ಲಿಷ್ ಮಾತು. ಆದರೆ ನಿಮಗೆ ಹೊಸದಲ್ಲ. ದಿನಾ ಕೇಳುತ್ತೀರಿ, ದಿನಾ ಆಡುತ್ತೀರಿ. ಆ ಮಾತು ‘ಚಾರ್ಜ್’.

ಮೊದಲು ಬಿಡಿಸಿ ಓದಿ.

ಚಾ – ರ್ಜ್
ಚಾರ್ಜ್

ಇದರಲ್ಲಿ ಅರ್ಕಾವೊತ್ತು ಇದೆ. ಬರೆಯುವಾಗ ಅದು ಅಕ್ಷರದ ಹಿಂದೆ ನಿಲ್ಲುತ್ತದೆ. ಓದುವಾಗ ಮುಂದೆ ಬರುತ್ತದೆ. ಅತ್ತೆಯ ಹಿಂದೆ ನಿಂತು ಮೊದಲು ಮಾತಾಡುವ ಸೊಸೆಯ ಹಾಗೆ! ಅರ್ಜಿ, ಖರ್ಚು, ವರ್ಷ – ಇವನ್ನು ನೀವು ಆಗಲೇ ಕಲಿತಿದ್ದೀರಿ. ‘ಅರ್ಜಿ’ ಬರೆಯಲು ಬಂದವರಿಗೆ ‘ಚಾರ್ಜ್’ ಬರೆಯುವುದು ಕಷ್ಟವಲ್ಲ. ಸ್ಲೇಟಿನ ಮೇಲೆ ಐದು ಸಲ ಬರೆಯಿರಿ.

ಬರೆದಿರಾ? ಈಗ ಈ ಮಾತುಗಳನ್ನು ಓದಿ.

“ಫೋನು ಚಾರ್ಜಿಗೆ ಹಾಕು ಮಗಾ.”

“ಬಸ್ ಚಾರ್ಜು ಜಾಸ್ತಿ ಆಗ್ಬಿಟ್ಟದೆ ಕಣಕ್ಕ.”

“ಪಂಚಾಯ್ತಿಗೆ ಹೊಸ ಪಿಡಿಒ ಬಂದು ಚಾರ್ಜ್ ತಗೊಂಡ್ರಂತೆ.”

“ಅವನ ಮೇಲೆ ಪೊಲೀಸಿನೋರು ಚಾರ್ಜ್ ಶೀಟ್ ಹಾಕವ್ರೆ.”

“ಆ ಜಮೀನಿನ ಮೇಲೆ ಬ್ಯಾಂಕಿನ ಚಾರ್ಜ್ ಐತೆ.”

ಮಾತು ಒಂದೇ. ಅರ್ಥ ಐದು. ಮೊದಲನೆಯದು ಕರೆಂಟು ತುಂಬುವುದು. ಎರಡನೆಯದು ಕೊಡಬೇಕಾದ ದುಡ್ಡು. ಮೂರನೆಯದು ಅಧಿಕಾರ, ಜವಾಬ್ದಾರಿ. ನಾಲ್ಕನೆಯದು ಆರೋಪ. ಐದನೆಯದು ಆಸ್ತಿಯ ಮೇಲಿರುವ ಸಾಲದ ಹಕ್ಕು.

ಊರಿನ ಜಗಲಿಯ ಮೇಲೆ ಯಾರೋ ಹೇಳಿದರು, “ಹುಡುಗನ ಮೇಲೆ ಚಾರ್ಜ್ ಶೀಟ್ ಆಯ್ತಂತೆ” ಎಂದು. ಅಲ್ಲೇ ಕೂತಿದ್ದ ಅಜ್ಜಿ ಕೇಳಿತು, “ಎಷ್ಟು ರೂಪಾಯಿಗೆ ಆಯ್ತಪ್ಪ?” ಎಲ್ಲರೂ ನಕ್ಕರು. ಆದರೆ ಅಜ್ಜಿಯದು ತಪ್ಪೇನಲ್ಲ. ಅದಕ್ಕೆ ಗೊತ್ತಿದ್ದ ಚಾರ್ಜು ಬಸ್ಸಿನ ಚಾರ್ಜು. ಮಾತು ಗೊತ್ತಿದೆ, ಅರ್ಥ ಬೇರೆ ಇದೆ. ಇಂಥ ಮಾತುಗಳೇ ಜಾಸ್ತಿ ತೊಂದರೆ ಕೊಡುತ್ತವೆ. ಗೊತ್ತೇ ಇಲ್ಲದ ಮಾತಾದರೆ “ಹಂಗಂದ್ರೇನು?” ಎಂದು ಕೇಳುತ್ತೇವೆ. ಗೊತ್ತು ಅಂದುಕೊಂಡ ಮಾತಿಗೆ ತಲೆ ಆಡಿಸಿ ಸಹಿ ಹಾಕಿಬಿಡುತ್ತೇವೆ.

ಮಾತಿನ ಬೇರು

ಒಂದು ಮಾತಿಗೆ ಇಷ್ಟೊಂದು ಅರ್ಥ ಹೇಗೆ ಬಂತು?

ಬಹಳ ಹಿಂದೆ ಯುರೋಪಿನಲ್ಲಿ ಲ್ಯಾಟಿನ್ ಎಂಬ ಭಾಷೆ ಇತ್ತು. ಅದರಲ್ಲಿ ‘ಕಾರ್ರುಸ್’ ಎಂದರೆ ಬಂಡಿ, ನಮ್ಮ ಗಾಡಿಯಂಥದು. ಆ ಮಾತಿನಿಂದ ಬಂಡಿಗೆ ಹೊರೆ ಹೇರುವುದಕ್ಕೆ ಇನ್ನೊಂದು ಮಾತು ಹುಟ್ಟಿತು. ಅದು ಫ್ರೆಂಚ್ ಜನರ ಬಾಯಲ್ಲಿ ಬದಲಾಗಿ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ನಾವು ರಸ್ತೆಯಲ್ಲಿ ನೋಡುವ ‘ಕಾರು’ ಇದೆಯಲ್ಲ, ಅದೂ ಇದೇ ಬಂಡಿಯ ಮಗಳು.

ಅಂದರೆ ಚಾರ್ಜ್ ಎಂಬುದರ ಹಳೆಯ ಅರ್ಥ ಹೊರೆ. ಹೊರೆ ಹೇರುವುದು.

ಈಗ ನಮ್ಮ ಕನ್ನಡದ ಮಾತುಗಳನ್ನು ನೋಡಿ. ನಾವು ಆರೋಪ ‘ಹೊರಿಸುತ್ತೇವೆ’. ಜವಾಬ್ದಾರಿ ‘ಹೊರುತ್ತೇವೆ’. ಸಾಲದ ‘ಹೊರೆ’ ಎನ್ನುತ್ತೇವೆ. ಇನ್‌ಚಾರ್ಜ್ ಇರುವ ಅಧಿಕಾರಿಗೆ ಸರ್ಕಾರಿ ಕಾಗದದಲ್ಲಿ ‘ಪ್ರಭಾರ’ ಎಂದು ಬರೆಯುತ್ತಾರೆ. ಅದರಲ್ಲೂ ಭಾರ ಇದೆ. ಉತ್ತರ ಕರ್ನಾಟಕದ ಅಕ್ಕಂದಿರು ಉತಾರದಲ್ಲಿ ‘ಬೋಜಾ’ ಏರಿದೆ ಎನ್ನುತ್ತಾರೆ. ಬೋಜಾ ಎಂದರೂ ಹೊರೆಯೇ. ಇಂಗ್ಲಿಷಿನವರಿಗೂ ನಮಗೂ ದುಡ್ಡು, ಸಾಲ, ಆರೋಪ, ಅಧಿಕಾರ ಎಲ್ಲವೂ ತಲೆಯ ಮೇಲಿನ ಹೊರೆಯ ಹಾಗೇ ಕಂಡಿವೆ. ನನಗಂತೂ ಇದು ಬಲು ಸೊಗಸಾಗಿ ಕಾಣುತ್ತದೆ.

ಫೋನಿನ ಬ್ಯಾಟರಿಗೂ ಹಾಗೆಯೇ. ಅದಕ್ಕೆ ಕರೆಂಟಿನ ಹೊರೆ ತುಂಬುತ್ತೇವೆ. ಲಾಠಿ ಚಾರ್ಜ್ ಎಂಬುದು ಮಾತ್ರ ಸ್ವಲ್ಪ ದೂರದ ನೆಂಟ. ಅಲ್ಲಿ ಚಾರ್ಜ್ ಎಂದರೆ ಮೇಲೆ ಬೀಳುವುದು. ಹೊರೆ ಮೇಲೆ ಬಿದ್ದ ಹಾಗೆ ಎಂದು ನೆನಪಿಟ್ಟುಕೊಳ್ಳಿ, ಸಾಕು.

ಇನ್ನು ಮುಂದೆ ಯಾರಾದರೂ ‘ಚಾರ್ಜ್’ ಎಂದರೆ ಹೀಗೆ ಕೇಳಿಕೊಳ್ಳಿ: ಏನು ಹೊರೆ? ಯಾರ ಮೇಲೆ? ಎಲ್ಲಿ ಬರೆದಿದೆ?

ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಓದು ಬರಬೇಕು. ಅದು ನಿಮಗೆ ಈಗ ಬರುತ್ತದೆ.

ದುಡ್ಡಿನ ಚಾರ್ಜು

ಬಸ್ ಚಾರ್ಜಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜು ಇಲ್ಲ. ಆದರೂ ಟಿಕೆಟ್ ಕೊಡುತ್ತಾರೆ. ಅದರಲ್ಲಿ ಸೊನ್ನೆ ಇರುತ್ತದೆ. ಅದನ್ನು ಇಳಿಯುವವರೆಗೂ ಇಟ್ಟುಕೊಳ್ಳಬೇಕು.

ಕರೆಂಟು ಬಿಲ್ಲಿನಲ್ಲಿ ಎರಡು ಥರದ ಚಾರ್ಜು ಇರುತ್ತದೆ. ಒಂದು ನಿಗದಿತ ಶುಲ್ಕ. ಇದನ್ನು ಫಿಕ್ಸೆಡ್ ಚಾರ್ಜ್ ಎನ್ನುತ್ತಾರೆ. ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆಯೋ ಅದರ ಲೆಕ್ಕ. ಇನ್ನೊಂದು ಉರಿಸಿದ ಯೂನಿಟ್ಟಿನ ಲೆಕ್ಕ. ಮನೆಗೆ ಬೀಗ ಹಾಕಿ ತಿಂಗಳೆಲ್ಲ ತವರಿಗೆ ಹೋಗಿದ್ದರೂ ಮೊದಲನೆಯದು ಬಿಲ್ಲಿನ ಲೆಕ್ಕಕ್ಕೆ ಬರುತ್ತದೆ. “ಲೈಟೇ ಹಾಕಿಲ್ಲ, ಬಿಲ್ಲು ಹೆಂಗೆ ಬಂತು?” ಎಂಬ ಜಗಳಕ್ಕೆ ಇದೇ ಕಾರಣ.

ಬ್ಯಾಂಕಿಗೆ ಹೋಗೋಣ. ಅಲ್ಲಿ ಚಾರ್ಜು ಕಣ್ಣಿಗೆ ಕಾಣುವುದಿಲ್ಲ. ಕಂಡಕ್ಟರ್ ಹಾಗೆ ಬಂದು ಯಾರೂ ಕೇಳುವುದಿಲ್ಲ. ಖಾತೆಯಿಂದಲೇ ಮುರಿದುಕೊಳ್ಳುತ್ತಾರೆ. ನಿಮ್ಮ ಖಾತೆ ಇರುವ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ ಪುಕ್ಕಟೆ. ಅದಕ್ಕಿಂತ ಜಾಸ್ತಿ ಆದರೆ ಸಲಕ್ಕೆ 23 ರೂಪಾಯಿವರೆಗೂ ಹಿಡಿಯಬಹುದು. ತೆರಿಗೆ ಬೇರೆ. ಈ 23 ರೂಪಾಯಿ 2025ರ ಮೇ 1ರಿಂದ ಜಾರಿಗೆ ಬಂದ ಮಿತಿ. 200 ರೂಪಾಯಿ ತೆಗೆಯಲು 23 ರೂಪಾಯಿ ಕೊಟ್ಟರೆ ಸಂತೆಗೆ ಏನು ಉಳಿಯಿತು?

ಪಾಸ್ ಪುಸ್ತಕಕ್ಕೆ ಎಂಟ್ರಿ ಹಾಕಿಸಿ. ಅದರಲ್ಲಿ ‘ಚಾರ್ಜಸ್’ ಎಂದೋ ‘ಸಿಎಚ್‌ಜಿ’ ಎಂದೋ ಇಂಗ್ಲಿಷಿನಲ್ಲಿ ಅಚ್ಚಾಗಿರಬಹುದು. ಅರ್ಥವಾಗದ ಸಾಲಿನ ಮೇಲೆ ಬೆರಳಿಟ್ಟು ಕೇಳಿ, “ಸಾರ್, ಇದು ಯಾವುದರ ಚಾರ್ಜು?” ಹಾಗೆ ಕೇಳುವುದು ಜಗಳವಲ್ಲ. ನಿಮ್ಮ ದುಡ್ಡಿನ ಲೆಕ್ಕ.

ಸಂಘದ ಸಾಲ, ಮೈಕ್ರೋ ಫೈನಾನ್ಸ್ ಸಾಲ ತೆಗೆಯುವವರು ಇಲ್ಲಿ ನಿಧಾನವಾಗಿ ಓದಿ.

ಹೀಗೆ ಇಟ್ಟುಕೊಳ್ಳಿ. ಒಬ್ಬ ಅಕ್ಕ 30,000 ರೂಪಾಯಿ ಸಾಲ ಕೇಳಿದರು. ಮಂಜೂರಾಯಿತು. ಖಾತೆ ನೋಡಿದರೆ 29,196 ರೂಪಾಯಿ ಮಾತ್ರ ಬಂದಿದೆ. ಉಳಿದದ್ದು ಎಲ್ಲಿ ಹೋಯಿತು? ಲೆಕ್ಕ ಮಾಡಿ.

ಪ್ರೊಸೆಸಿಂಗ್ ಚಾರ್ಜ್ – 300 ರೂಪಾಯಿ
ಅದರ ಮೇಲೆ ತೆರಿಗೆ – 54 ರೂಪಾಯಿ
ವಿಮೆ – 450 ರೂಪಾಯಿ
ಒಟ್ಟು – 804 ರೂಪಾಯಿ

30,000ದಲ್ಲಿ 804 ಕಳೆದರೆ 29,196. ಲೆಕ್ಕ ಸರಿ. ಆದರೆ ಬಡ್ಡಿ ಬೆಳೆಯುವುದು 29,196ಕ್ಕಲ್ಲ, 30,000ಕ್ಕೆ. ಕೈಗೆ ಬಾರದ 804 ರೂಪಾಯಿಗೂ ಬಡ್ಡಿ ಕಟ್ಟಬೇಕು.

ಇದನ್ನು ಮೊದಲೇ ತಿಳಿಯುವ ದಾರಿ ಇದೆ. ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ನಿಯಮ ಮಾಡಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಮನೆಗಳಿಗೆ ಅಡಮಾನವಿಲ್ಲದೆ ಕೊಡುವ ಸಾಲಕ್ಕೆ ಈ ನಿಯಮ. ಬ್ಯಾಂಕುಗಳೂ ರಿಸರ್ವ್ ಬ್ಯಾಂಕಿನ ಕೈಕೆಳಗಿನ ಫೈನಾನ್ಸ್ ಕಂಪನಿಗಳೂ ಇದರಂತೆ ನಡೆಯಬೇಕು. ಸಾಲದ ಬಡ್ಡಿ, ಚಾರ್ಜು, ಕಂತು ಎಲ್ಲವನ್ನೂ ಬರೆದ ಒಂದು ವಿವರದ ಹಾಳೆ ಕೊಡಬೇಕು. ಸಾಲಗಾರರಿಗೆ ಗೊತ್ತಿರುವ ಭಾಷೆಯಲ್ಲಿ ಕೊಡಬೇಕು. ಆ ಹಾಳೆಯಲ್ಲಿ ಬರೆಯದ ಯಾವ ಚಾರ್ಜನ್ನೂ ಹಾಕುವಂತಿಲ್ಲ. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ಸಾಮಾನನ್ನು ಸಾಲದ ಜೊತೆ ಕಟ್ಟುವಂತಿಲ್ಲ.

ಸಾಲ ಕೊಡುವವರು ಮನೆ ಮುಂದೆ ಕೂತು ಹೇಳುತ್ತಾರೆ, “ಅಕ್ಕ, ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ, ಬೇಗ.” ಆಗ ನೀವು ಹೀಗೆ ಹೇಳಿ:

“ತಮ್ಮಾ, ಕನ್ನಡದ ಹಾಳೆ ಕೊಡಪ್ಪ. ಓದ್ಕೊಂಡು ಹಾಕ್ತೀನಿ.”

“ಐವತ್ತು ಜನಕ್ಕೆ ಹಿಂಗೆ ಓದಕ್ಕೆ ಬಿಟ್ರೆ ನಮ್ ಕೆಲಸ ಆಗಲ್ಲ ಕಣಕ್ಕ.”

“ಕಂತು ಕಟ್ಟೋಳು ನಾನು. ಓದೋಳೂ ನಾನೇ.”

ನೀವು ಓದುತ್ತಾ ಕೂತರೆ ಪಕ್ಕದವರೂ ಓದುತ್ತಾರೆ. ಸಂಘದಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೂ ಸಾಕು. ಬ್ಯಾಂಕು, ಕಂಪನಿಗಳ ಮೇಲೆ ದೂರು ಹೇಗೆ ಕೊಡಬೇಕು ಎಂದು ತಿಳಿಯಲು ರಿಸರ್ವ್ ಬ್ಯಾಂಕಿನ 14448 ಎಂಬ ನಂಬರ್ ಇದೆ. ಮೊದಲು ಸಾಲ ಕೊಟ್ಟವರಿಗೇ ಬರೆದು ಕೊಡಬೇಕು. ಅವರು ಕೇಳದಿದ್ದರೆ ಮೇಲಕ್ಕೆ ಹೋಗಬೇಕು.

ಆಸ್ಪತ್ರೆಯ ಮಾತು ಒಂದು ಬಾಕಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಚಾರ್ಜು ಇಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸಾದಾ ಹೆರಿಗೆಯಾಗಲಿ, ಆಪರೇಷನ್ ಆಗಲಿ, ಔಷಧಿ, ಪರೀಕ್ಷೆ, ಬೇಕಾದರೆ ರಕ್ತ, ಊಟ ಎಲ್ಲವೂ ಉಚಿತ. ಊಟ ಸಾದಾ ಹೆರಿಗೆಗೆ 3 ದಿನ, ಆಪರೇಷನ್ನಿಗೆ 7 ದಿನ. ಆಸ್ಪತ್ರೆಗೆ ಕರೆತರುವ, ಮನೆಗೆ ಬಿಡುವ ಗಾಡಿಯೂ ಉಚಿತ. “ಗಂಡುಮಗು ಆಗಿದೆ, ಚಾರ್ಜು ಕೊಡಿ” ಎಂದು ಯಾರಾದರೂ ಕೈ ಚಾಚಿದರೆ ಅದಕ್ಕೆ ಚಾರ್ಜು ಎಂಬ ಹೆಸರಿಲ್ಲ. ಲಂಚ ಎಂಬ ಹೆಸರಿದೆ. ರಸೀದಿ ಕೇಳಿ ನೋಡಿ. ಚಾರ್ಜಿಗೆ ರಸೀದಿ ಇರುತ್ತದೆ. ಲಂಚಕ್ಕೆ ಇರುವುದಿಲ್ಲ.

ಜಮೀನಿನ ಮೇಲಿನ ಚಾರ್ಜ್

ಈಗ ದೊಡ್ಡ ಹೊರೆಗೆ ಬರೋಣ.

ಬೆಳೆ ಸಾಲಕ್ಕೋ, ಬೋರ್‌ವೆಲ್ ಸಾಲಕ್ಕೋ, ಟ್ರಾಕ್ಟರ್ ಸಾಲಕ್ಕೋ ಬ್ಯಾಂಕಿಗೆ ಅಥವಾ ಸೊಸೈಟಿಗೆ ಹೋಗುತ್ತೇವೆ. ಅವರು ಜಮೀನಿನ ಪಹಣಿ ಕೇಳುತ್ತಾರೆ. ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಸಹಿ ಕೇಳುತ್ತಾರೆ. ಎಷ್ಟೋ ಮನೆಯಲ್ಲಿ ಜಮೀನು ಹೆಂಗಸರ ಹೆಸರಿನಲ್ಲಿರುತ್ತದೆ. ತವರಿನಿಂದ ಬಂದಿರಬಹುದು, ಗಂಡ ಸತ್ತ ಮೇಲೆ ಖಾತೆ ಆಗಿರಬಹುದು. ಸಾಲ ಬಳಸುವವರು ಮಗನೋ ಮೈದುನನೋ. ಸಹಿ ಅಮ್ಮನದು.

“ಸುಮ್ನೆ ಒಂದು ಸೈನಮ್ಮ, ಜಮೀನಿನ ಮೇಲೆ ಚಾರ್ಜ್ ಹಾಕ್ತಾರೆ ಅಷ್ಟೇ.”

ಅಮ್ಮ ಕೇಳುತ್ತಾಳೆ, “ಚಾರ್ಜು ಎಷ್ಟಾಗುತ್ತಪ್ಪ?”

“ಅದೇನಿಲ್ಲ, ನೂರಿನ್ನೂರು.”

ನೋಡಿ, ಇಬ್ಬರೂ ಚಾರ್ಜ್ ಎಂದರು. ಆದರೆ ಇಬ್ಬರದೂ ಒಂದೇ ಚಾರ್ಜ್ ಅಲ್ಲ. ಅಮ್ಮ ಕೇಳಿದ್ದು ಕಾಗದಪತ್ರದ ಖರ್ಚು. ಬ್ಯಾಂಕಿನವರ ಚಾರ್ಜ್ ಎಂದರೆ ಜಮೀನಿನ ಮೇಲೆ ಬ್ಯಾಂಕಿಗೆ ಬರುವ ಹಕ್ಕು. ಸಾಲ ತೀರದಿದ್ದರೆ ಆ ಜಮೀನಿನಿಂದ ವಸೂಲು ಮಾಡುವ ಹಕ್ಕು. ಆ ಹೊರೆ ಮಗನ ಮೇಲಲ್ಲ, ಮಣ್ಣಿನ ಮೇಲೆ. ಜಮೀನು ಮಕ್ಕಳಿಗೆ ಹೋದರೂ ಆ ಋಣ ಅದರ ಜೊತೆಗೇ ಹೋಗುತ್ತದೆ.

ಇದು ಎಲ್ಲಿ ಬರೆದಿರುತ್ತದೆ? ಪಹಣಿಯಲ್ಲಿ. ಪಹಣಿಯ ಕಾಲಂಗಳಿಗೆ ನಂಬರ್ ಇದೆ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು. ನಿಮ್ಮ ಹೆಸರು ಅಲ್ಲಿರಬೇಕು. 11ನೇ ಕಾಲಂನಲ್ಲಿ ಹಕ್ಕುಗಳು ಮತ್ತು ಋಣಗಳು. ಬ್ಯಾಂಕಿನ ಹೆಸರು, ಸಾಲದ ಮೊತ್ತ ಅಲ್ಲಿ ಇರುತ್ತದೆ. ಬಹಳ ಜನ ಪಹಣಿ ತಂದರೆ ಹೆಸರು, ಎಕರೆ, ಗುಂಟೆ ನೋಡಿ ಮಡಚಿಡುತ್ತಾರೆ. 11ನೇ ಕಾಲಂ ಓದುವುದೇ ಇಲ್ಲ.

ಸಾಲ ಬೇಡ ಎನ್ನುವುದು ನನ್ನ ಮಾತಲ್ಲ. ಸಾಲವಿಲ್ಲದೆ ಬೋರು ಕೊರೆಯುವುದು ಹೇಗೆ? ಆದರೆ ಸಹಿ ಹಾಕುವ ಮೊದಲು ಮೊತ್ತ ಎಷ್ಟು, ಯಾವ ಸರ್ವೆ ನಂಬರಿನ ಮೇಲೆ, ಎಷ್ಟು ವರ್ಷಕ್ಕೆ ಎಂದು ಓದಿಕೊಳ್ಳಬೇಕು. ಎರಡು ಸರ್ವೆ ನಂಬರ್ ಇದ್ದವರು ಒಂದರ ಮೇಲೋ ಎರಡರ ಮೇಲೋ ಎಂದು ಕೇಳಬೇಕು.

ಸಾಲ ತೀರಿದ ಮೇಲೂ ಒಂದು ಕೆಲಸ ಇದೆ. ದುಡ್ಡು ಕಟ್ಟಿ ರಸೀದಿ ತಂದು ಗೂಡಿನಲ್ಲಿಟ್ಟರೆ ಮುಗಿಯಲಿಲ್ಲ. ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಳ್ಳಬೇಕು. ಇದನ್ನು ‘ನೋ ಡ್ಯೂ’ ಪತ್ರ ಎನ್ನುತ್ತಾರೆ. ಪಹಣಿಯಿಂದ ಋಣ ತೆಗೆಯಲು ಇನ್ನೇನು ಮಾಡಬೇಕು ಎಂದು ಬ್ಯಾಂಕಿನಲ್ಲೂ ನಾಡಕಚೇರಿಯಲ್ಲೂ ಕೇಳಬೇಕು. ಸ್ವಲ್ಪ ದಿನ ಬಿಟ್ಟು ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಬೇಕು. ಕಂದಾಯ ಇಲಾಖೆಯ ‘ಭೂಮಿ’ ತಾಣದಲ್ಲಿ ಮೊಬೈಲಿನಲ್ಲೇ ಪಹಣಿ ನೋಡಬಹುದು. ಮಕ್ಕಳ ಕೈಲಿ ತೆಗೆಸಿ, ಓದುವುದನ್ನು ಮಾತ್ರ ನೀವೇ ಓದಿ. ಹಳೆಯ ಋಣ ಹಾಗೇ ಉಳಿದರೆ ಮುಂದೆ ಸಾಲ ಕೇಳುವಾಗ, ಭಾಗ ಮಾಡುವಾಗ ಅಡ್ಡ ಬರುತ್ತದೆ. ಮಾವ ತೀರಿಸಿದ ಸಾಲ ಸೊಸೆಯ ಕಾಲದವರೆಗೂ ಪಹಣಿಯಲ್ಲಿ ಕೂತಿರುತ್ತದೆ.

ಮನೆ ಕಟ್ಟಲು ತೆಗೆದ ಬ್ಯಾಂಕ್ ಸಾಲಕ್ಕೆ ಇನ್ನೊಂದು ಅನುಕೂಲ ಇದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಯ ಮೂಲ ಪತ್ರ ವಾಪಸ್ ಕೊಡಬೇಕು, ನೋಂದಾಯಿಸಿದ ಚಾರ್ಜ್ ತೆಗೆಯಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೇಳಿತು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಈ ಒಂದು ಕಡೆ ಹೊರೆ ತಿರುಗಿ ಬ್ಯಾಂಕಿನ ತಲೆಗೇ ಏರುತ್ತದೆ!

ಚಾರ್ಜ್ ಶೀಟ್

ಅಜ್ಜಿ ಕೇಳಿದ ಪ್ರಶ್ನೆಗೆ ಈಗ ಉತ್ತರ.

ಶೀಟ್ ಎಂದರೆ ಹಾಳೆ. ಚಾರ್ಜ್ ಶೀಟ್ ಎಂದರೆ ಆರೋಪದ ಹಾಳೆ. ಕನ್ನಡದಲ್ಲಿ ದೋಷಾರೋಪ ಪಟ್ಟಿ. ಏನಾದರೂ ಅಪರಾಧ ನಡೆಯಿತು. ದೂರು ಕೊಟ್ಟೆವು. ಪೊಲೀಸರು ಬರೆದುಕೊಂಡರು. ಅದು ಎಫ್‌ಐಆರ್. ಆಮೇಲೆ ತನಿಖೆ ಮಾಡುತ್ತಾರೆ. ಸಾಕ್ಷಿ ಕೇಳುತ್ತಾರೆ. ಕೊನೆಗೆ “ಇಂಥವರು ಇಂಥ ತಪ್ಪು ಮಾಡಿದ್ದಾರೆಂದು ನಮಗೆ ಕಂಡುಬಂದಿದೆ” ಎಂದು ಕೋರ್ಟಿಗೆ ಬರೆದು ಕೊಡುತ್ತಾರೆ. ಅದೇ ಚಾರ್ಜ್ ಶೀಟ್.

ಎಫ್‌ಐಆರ್ ಮೊದಲ ಮೆಟ್ಟಿಲು. ಚಾರ್ಜ್ ಶೀಟ್ ಆಮೇಲಿನ ಮೆಟ್ಟಿಲು. ಎರಡೂ ಶಿಕ್ಷೆಯಲ್ಲ. ಚಾರ್ಜ್ ಶೀಟ್ ಆದವರೆಲ್ಲ ತಪ್ಪಿತಸ್ಥರು ಅಂತಲೂ ಅಲ್ಲ. ಅದನ್ನು ಹೇಳುವವರು ನ್ಯಾಯಾಧೀಶರು.

ಗಂಡನ ಮನೆಯವರು ಹೊಡೆದರು ಎಂದು ದೂರು ಕೊಟ್ಟ ಹೆಣ್ಣುಮಗಳಿಗೆ ಊರಿನವರು ಹೇಳುತ್ತಾರೆ, “ಇನ್ನೂ ಚಾರ್ಜೇ ಆಗಿಲ್ಲ, ಕೇಸು ಬಿದ್ದೋಯ್ತು ಬಿಡು.” ಹಾಗೆ ನಂಬಿಬಿಡಬಾರದು. ಅಪರಾಧ ಕಾನೂನು ಹೊಸದಾಗಿ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದರಂತೆ ತನಿಖೆ ಎಲ್ಲಿಗೆ ಬಂತು ಎಂಬುದನ್ನು ದೂರು ಕೊಟ್ಟವರಿಗೆ ಪೊಲೀಸರು 90 ದಿನದೊಳಗೆ ತಿಳಿಸಬೇಕು. ನೀವೇ ಹೋಗಿ ಕೇಳಬಹುದು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಅಂದರೆ ಅಲ್ಲಿ ದುಡ್ಡಿನ ಚಾರ್ಜು ಇಲ್ಲ!

ಬರೆದ ದೂರನ್ನು ಓದಿ ಹೇಳಿದ ಮೇಲೆಯೇ ಅದಕ್ಕೆ ಸಹಿ ಹಾಕಬೇಕು. ಈಗ ನೀವೇ ಓದಬಲ್ಲಿರಿ. ನೀವು ಹೇಳಿದ್ದೊಂದು, ಬರೆದದ್ದೊಂದು ಆಗಿದ್ದರೆ ಅಲ್ಲೇ ತಿದ್ದಿಸಿ. ಸಾಕ್ಷಿ ಹೇಳಲು ಹೆಂಗಸರನ್ನು ಸ್ಟೇಷನ್ನಿಗೆ ಬಾ ಎಂದು ಬಲವಂತ ಮಾಡುವಂತಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಎಲ್ಲ ಹೆಂಗಸರಿಗೂ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಆದಾಯ ಎಷ್ಟಿದೆ ಎಂದು ನೋಡುವುದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಇದರ ಸಮಿತಿ ಇರುತ್ತದೆ. ಫೋನ್ ನಂಬರ್ 15100.

ಚಾರ್ಜ್ ತಗೊಂಡವರು

ಅಧಿಕಾರಿ ಬಂದು ಕೆಲಸ ವಹಿಸಿಕೊಂಡರೆ ‘ಚಾರ್ಜ್ ತಗೊಂಡ್ರು’ ಎನ್ನುತ್ತೇವೆ. ಕೆಲಸದ ಹೊರೆ ಹೊತ್ತುಕೊಂಡರು ಎಂದು. ರಜೆಯ ಮೇಲೆ ಹೋದವರ ಕೆಲಸ ಇನ್ನೊಬ್ಬರು ನೋಡಿಕೊಂಡರೆ ಅವರು ಇನ್‌ಚಾರ್ಜ್. ನಿಮ್ಮ ಪಂಚಾಯ್ತಿಗೆ ಇನ್‌ಚಾರ್ಜ್ ಪಿಡಿಒ ಇದ್ದರೆ ಅವರು ಯಾವ ಯಾವ ದಿನ ಬರುತ್ತಾರೆ ಎಂದು ಬೋರ್ಡಿನ ಮೇಲೆ ಬರೆಸಿ. ಇಲ್ಲದಿದ್ದರೆ ಒಂದು ಸಹಿಗೆ ನಾಲ್ಕು ಸಲ ನಡೆಯಬೇಕಾಗುತ್ತದೆ.

ನಮ್ಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಜಾಗ ಹೆಂಗಸರಿಗೆ ಮೀಸಲು. ಅಧ್ಯಕ್ಷೆಯಾಗಿ ಚಾರ್ಜ್ ತಗೊಂಡವರು ಹೆಂಗಸು. ಹಾರ ಅವರ ಕೊರಳಿಗೆ. ಕುರ್ಚಿಯಲ್ಲಿ ಮಾತ್ರ ಅವರ ಯಜಮಾನರು ಕೂತಿರುತ್ತಾರೆ! ನಗಬೇಡಿ, ನಿಮ್ಮೂರಿನಲ್ಲೂ ಇರಬಹುದು. ಆದರೆ ಕಾಗದದ ಮೇಲಿನ ಸಹಿ ಅಧ್ಯಕ್ಷೆಯದು. ಲೆಕ್ಕ ತಪ್ಪಿದರೆ ನೋಟಿಸು ಬರುವುದೂ ಅವರ ಹೆಸರಿಗೇ. ಹೊರೆ ನಮ್ಮ ತಲೆಯ ಮೇಲೆ ಇರುವಾಗ ಹಗ್ಗ ಯಾಕೆ ಬೇರೆಯವರ ಕೈಲಿ?

ಡಿಸ್ಚಾರ್ಜ್

ಚಾರ್ಜ್ ಮುಂದೆ ‘ಡಿಸ್’ ಸೇರಿದರೆ ಹೊರೆ ಇಳಿಯಿತು ಎಂದು ಅರ್ಥ. ಆಸ್ಪತ್ರೆಯಿಂದ ಮನೆಗೆ ಕಳಿಸಿದರೆ ಡಿಸ್ಚಾರ್ಜ್. ಬ್ಯಾಟರಿ ಖಾಲಿಯಾದರೂ ಡಿಸ್ಚಾರ್ಜ್. ಬಿಳುಪು ಹೋಗುವುದಕ್ಕೂ ಡಾಕ್ಟರು ಡಿಸ್ಚಾರ್ಜ್ ಎನ್ನುತ್ತಾರೆ. “ಡಿಸ್ಚಾರ್ಜ್ ಆಗ್ತಿದೆಯಾ?” ಎಂದು ನರ್ಸಮ್ಮ ಕೇಳಿದರೆ “ಇಲ್ಲ, ನಾಳೆ ಅಂದವ್ರೆ” ಎಂದು ಹೇಳಿದವರೂ ಇದ್ದಾರೆ. ಯಾವುದನ್ನು ಕೇಳುತ್ತಿದ್ದಾರೆ ಎಂದು ತಿಳಿಯದಿದ್ದರೆ ತಿರುಗಿ ಕೇಳಿ. ವಾಸನೆ, ತುರಿಕೆ, ಹೊಟ್ಟೆನೋವು ಇದ್ದರೆ ನಾಚಿಕೆ ಪಡದೆ ಹೇಳಿ.

ಮನೆಗೆ ಬರುವಾಗ ಕೊಡುವ ಡಿಸ್ಚಾರ್ಜ್ ಚೀಟಿಯನ್ನು ಎಸೆಯಬೇಡಿ. ಏನು ಕಾಯಿಲೆ, ಏನು ಔಷಧಿ, ಮತ್ತೆ ಯಾವಾಗ ಬರಬೇಕು ಎಂಬುದು ಅದರಲ್ಲಿರುತ್ತದೆ. ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.

ಅಭ್ಯಾಸ

ಕೆಳಗಿನ ಮಾತುಗಳನ್ನು ಓದಿ. ಇಲ್ಲಿ ಯಾವ ಚಾರ್ಜು? ಏನು ಹೊರೆ, ಯಾರ ಮೇಲೆ? ಪಕ್ಕದ ಅಕ್ಕನಿಗೆ ಹೇಳಿ.

“ಮಗೂಗೆ ಅರ್ಧ ಚಾರ್ಜ್ ಹಾಕಿ ಕಂಡಕ್ಟ್ರೇ.”

“ಅಂಗನವಾಡಿ ಟೀಚರ್ ರಜಾ. ಸಹಾಯಕಿಯೇ ಇನ್‌ಚಾರ್ಜ್.”

“ಚಾರ್ಜ್ ಶೀಟಿನಲ್ಲಿ ಸಾಕ್ಷಿ ಅಂತ ನನ್ನ ಹೆಸರೂ ಐತಂತೆ.”

“ಸೊಸೈಟಿ ಸಾಲ ತೀರಿಸಿ ಮೂರು ವರ್ಷ ಆಯ್ತು. ಚಾರ್ಜ್ ಮಾತ್ರ ಹಂಗೇ ಐತೆ.”

“ಫಾರಂ ತುಂಬಕ್ಕೆ ಐವತ್ತು ರೂಪಾಯಿ ಚಾರ್ಜ್ ಕಣಮ್ಮ.” (ಇಲ್ಲಿ ಇನ್ನೊಂದು ಪ್ರಶ್ನೆ: ಈ ಫಾರಂ ಈಗ ನೀವೇ ತುಂಬಬಲ್ಲಿರಾ?)

ಮನೆಯಲ್ಲಿರುವ ಕರೆಂಟು ಬಿಲ್ಲು, ಪಾಸ್ ಪುಸ್ತಕ, ಪಹಣಿ – ಯಾವುದಾದರೂ ಒಂದನ್ನು ನಾಳೆ ಕೇಂದ್ರಕ್ಕೆ ತನ್ನಿ. ಪಹಣಿ ತಂದವರು 11ನೇ ಕಾಲಂನಲ್ಲಿ ಏನಿದೆ ಎಂದು ನೋಡಿ ಇಲ್ಲಿ ಬರೆಯಿರಿ. ಖಾಲಿ ಇದ್ದರೆ ‘ಋಣ ಇಲ್ಲ’ ಎಂದು ಬರೆಯಿರಿ.

ನನ್ನ ಹೆಸರು ........................

ಸರ್ವೆ ನಂಬರ್ ........................

11ನೇ ಕಾಲಂನಲ್ಲಿ ಇರುವುದು ........................